ಊದಿದರೆ ಹಾರುವ ಧೂಳು, ಊದಿದರೂ ಹಾರದ ಧೂಳು: ನಿಮ್ಮ ಕಾರಿಗೆ ಯಾವ ಡಸ್ಟರ್?

ನನ್ನ ಕಾರಿನ ಬಣ್ಣ ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಾಗಿದ್ದು ಒಂದು ರಾತ್ರಿ ಪೆಟ್ರೋಲ್ ಬಂಕಿನಲ್ಲಿ. ಕಡು ನೀಲಿ ಕಾರು, ತಗೊಂಡು ಇನ್ನೂ ಹದಿನಾಲ್ಕು ತಿಂಗಳಾಗಿತ್ತು. ಮೇಲಿನ ಬಿಳಿ ಲೈಟು ನೇರವಾಗಿ ಬಾನೆಟ್ ಮೇಲೆ ಬಿದ್ದಿತ್ತು. ಆ ಬೆಳಕಿನ ಸುತ್ತ ಜೇಡ ಬಲೆ ನೇಯ್ದ ಹಾಗೆ ಸಾವಿರಾರು ಸಣ್ಣ ಗೀರು. ಪೆಟ್ರೋಲ್ ಹಾಕುವ ಹುಡುಗ "ಸಾರ್, ಝೀರೋ ನೋಡಿ" ಅಂದ. ನಾನು ಬಾನೆಟ್ ನೋಡುತ್ತಾ ನಿಂತಿದ್ದೆ.

ಯಾರೂ ಬೇಕಂತ ಗೀಚಿರಲಿಲ್ಲ. ಎಲ್ಲಿಗೂ ಉಜ್ಜಿರಲಿಲ್ಲ. ದಿನಾ ಬೆಳಗ್ಗೆ ಮುತುವರ್ಜಿಯಿಂದ ಒರೆಸಿದ್ದರಿಂದಲೇ ಆದದ್ದು ಅದು. ಅಪ್ಪ ಒರೆಸುತ್ತಿದ್ದದ್ದು ಹಾಗೇ, ನಾನೂ ಹಾಗೇ ಕಲಿತಿದ್ದೆ: ಹಳೇ ಬನಿಯನ್ನು, ಕೈ ತುಂಬಾ ಬಲ, ಗುಂಡಗೆ ಗುಂಡಗೆ.

ಅಲ್ಲಿಂದ ಶುರುವಾಯ್ತು ಡಸ್ಟರ್ ಹುಚ್ಚು. ಮೇಣದ್ದು ತಗೊಂಡೆ, ಮೈಕ್ರೋಫೈಬರ್‌ದು ತಗೊಂಡೆ, ಸಿಗ್ನಲ್‌ನಲ್ಲಿ ಮಾರುವುದನ್ನೂ ತಗೊಂಡೆ. ಕೆಲವು ಕೆಲಸಕ್ಕೆ ಬಂದವು, ಕೆಲವು ಕಸಕ್ಕೆ ಹೋದವು. ಯಾವುದನ್ನು ಕೊಳ್ಳಬೇಕು ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ: ನಿಮ್ಮ ಕಾರಿನ ಮೇಲೆ ಕೂರುವುದು ಎಂಥ ಧೂಳು?

ಮೊದಲು ಊದಿ ನೋಡಿ

ಇದಕ್ಕೆ ಯಾವ ಸಲಕರಣೆಯೂ ಬೇಡ. ಬೆಳಗ್ಗೆ ಕಾರಿನ ಹತ್ತಿರ ಹೋಗಿ, ಬಾನೆಟ್ಟಿನಿಂದ ಒಂದು ಗೇಣು ದೂರದಲ್ಲಿ ಬಾಯಿ ಇಟ್ಟು ಜೋರಾಗಿ ಊದಿ. ಬೆರಳಿನಿಂದ ಎಳೆದು ನೋಡಬೇಡಿ. ಹಾಗೆ ಎಳೆದರೆ ಅಲ್ಲೇ ನಾಲ್ಕು ಗೀರು.

ಬೇಸಿಗೆಯಲ್ಲಿ ಸೆಲ್ಲರ್‌ನಲ್ಲಿ, ಅಂದರೆ ಕಟ್ಟಡದ ನೆಲಮಾಳಿಗೆಯಲ್ಲಿ, ನಿಂತ ಕಾರಿನ ಮೇಲಿನ ಧೂಳು ಒಣ ಹಿಟ್ಟಿನ ಹಾಗಿರುತ್ತದೆ. ರಾಗಿ ಬೀಸುವ ಗಿರಣಿಯ ಕಿಟಕಿ ಮೇಲೆ ಕೂತಿರುತ್ತಲ್ಲ, ಹಾಗೆ. ಊದಿದರೆ ಹಾರುತ್ತದೆ, ಊದಿದ ಜಾಗದಲ್ಲಿ ಬಣ್ಣ ಕಾಣುತ್ತದೆ. ಡಿಸೆಂಬರ್‌ನಲ್ಲಿ ಬೀದಿಯಲ್ಲಿ ನಿಂತ ಕಾರಿನ ಕಥೆ ಬೇರೆ. ರಾತ್ರಿ ಇಬ್ಬನಿ ಬಿದ್ದು ಧೂಳು ಕೆಸರಾಗುತ್ತದೆ, ಹತ್ತು ಗಂಟೆ ಬಿಸಿಲಿಗೆ ಒಣಗಿ ಅಂಟಿಕೊಳ್ಳುತ್ತದೆ, ಮಾರನೇ ರಾತ್ರಿ ಮತ್ತೆ ಇಬ್ಬನಿ. ಮೂರು ದಿನ ಹೀಗಾದರೆ ಸಾಕು, ಊದಿದರೆ ಅಲ್ಲಾಡುವುದೂ ಇಲ್ಲ.

ಊದಿದರೆ ಹಾರುವ ಧೂಳಿಗೆ ಡಸ್ಟರ್ ಸರಿ. ಹಾರದ ಧೂಳಿಗೆ ಯಾವ ಡಸ್ಟರೂ ಸರಿಯಲ್ಲ, ಎಷ್ಟೇ ದುಬಾರಿಯದಾದರೂ. ಅದಕ್ಕೆ ನೀರು ಬೇಕು. ನೀರಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ. ಕೊಳಕು ಕಾರು ಓಡಿಸಿದರೆ ಯಾರೂ ದಂಡ ಹಾಕುವುದಿಲ್ಲ. ತೊಳೆದರೆ ಹಾಕಿದ್ದುಂಟು, ಅದೂ ಬೆಂಗಳೂರಿನಲ್ಲಿ: 2024ರ ಮಾರ್ಚ್‌ನಲ್ಲಿ ನೀರಿನ ಬರ ಜೋರಾಗಿದ್ದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. 2025ರ ಫೆಬ್ರವರಿಯಲ್ಲಿ ಬೇಸಿಗೆಗೆ ಮುಂಚೆಯೇ ಮತ್ತೆ ಅದೇ ಆದೇಶ ಬಂತು. ಎರಡು ವಾಶ್‌ಗಳ ನಡುವೆ ಕಾರನ್ನು ಹೇಗೆ ನೋಡಿಕೊಳ್ಳುವುದು ಅನ್ನುವ ಪ್ರಶ್ನೆ ಊರಿನಲ್ಲಿ ಜಾಸ್ತಿ ಕೇಳಿಬರತೊಡಗಿದ್ದು ಆಮೇಲೆಯೇ.

ಗೀರು ಬೀಳುವುದು ಹೇಗೆ

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ. ಕ್ಲಿಯರ್ ಕೋಟ್ ಅಂತಾರೆ. ಹೊಳಪೆಲ್ಲ ಅದರದ್ದೇ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ಒಂದು ಕೂದಲಿನಷ್ಟೂ ದಪ್ಪ ಇಲ್ಲದ ಪದರವನ್ನು ನಾವು ದಿನಾ ಉಜ್ಜುತ್ತಿದ್ದೇವೆ. ಗೀರು ತೆಗೆಸಲು ಪಾಲಿಶ್ ಮಾಡಿಸಿದರೆ ಆ ಪದರದಿಂದಲೇ ಒಂದಿಷ್ಟು ಮೈಕ್ರಾನ್ ತೇಯ್ದು ತೆಗೆಯುತ್ತಾರೆ. ಹಾಗಾಗಿ ವರ್ಷ ವರ್ಷ ಪಾಲಿಶ್ ಮಾಡಿಸುವುದೂ ಪುಕ್ಕಟೆ ಅಲ್ಲ.

ಇನ್ನು ಧೂಳು. ನಮ್ಮ ರಸ್ತೆ ಧೂಳಿನಲ್ಲಿ ಮಣ್ಣು ಮಾತ್ರ ಇರುವುದಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೆ ಎಂ-ಸ್ಯಾಂಡಿನ ಪುಡಿ ಇರುತ್ತದೆ, ಅಂದರೆ ಕಲ್ಲು ಒಡೆದ ಪುಡಿ. ಟೈಲ್ಸ್ ಕತ್ತರಿಸಿದ ಪುಡಿ, ಸಿಮೆಂಟು ಬೇರೆ. ಮರಳಿನಲ್ಲೂ ಗ್ರಾನೈಟಿನಲ್ಲೂ ಇರುವ ಕ್ವಾರ್ಟ್ಜ್, ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ 7. ಕಿಟಕಿ ಗಾಜು ಐದೂವರೆ ಆಸುಪಾಸು. ಗಾಜನ್ನೇ ಗೀಚುವ ಕಣ ಕ್ಲಿಯರ್ ಕೋಟನ್ನು ಬಿಡುತ್ತದಾ?

ಕಣ ಸುಮ್ಮನೆ ಕೂತಿದ್ದರೆ ಏನೂ ಆಗುವುದಿಲ್ಲ. ಮೇಲಿನಿಂದ ಒತ್ತಿ ಎಳೆದಾಗ ಗೀರು ಬೀಳುತ್ತದೆ. ಡಸ್ಟರ್‌ಗಳ ನಡುವಿನ ವ್ಯತ್ಯಾಸ ಇರುವುದೆಲ್ಲ ಇಲ್ಲೇ: ಕಣವನ್ನು ಎತ್ತಿಕೊಳ್ಳುತ್ತದಾ ಅಥವಾ ತಳ್ಳಿಕೊಂಡು ಹೋಗುತ್ತದಾ, ಮತ್ತೆ ಎತ್ತುವಾಗ ಎಷ್ಟು ಒತ್ತುತ್ತದೆ.

ಬಕೆಟ್ಟು ಮತ್ತು ಒಂದು ಬಟ್ಟೆ

ನಮ್ಮಲ್ಲಿ ಹೆಚ್ಚಿನ ಕಾರುಗಳ ಪಾಲಿಗೆ ಇದೇ ಡಸ್ಟರ್. ನಮ್ಮ ಬೀದಿಯಲ್ಲಿ ಕಾರು ಒರೆಸುವ ಹುಡುಗ ಬೆಳಗ್ಗೆ ಐದೂವರೆಯಿಂದ ಎಂಟು ಗಂಟೆಯೊಳಗೆ ಹದಿನೆಂಟು ಕಾರು ಮುಗಿಸುತ್ತಾನೆ. ಲೆಕ್ಕ ಹಾಕಿ, ಒಂದಕ್ಕೆ ಎಂಟು ನಿಮಿಷ. ಒಂದು ಬಕೆಟ್ ನೀರು ಐದಾರು ಕಾರಿಗೆ ಬರಬೇಕು. ಮೂರನೇ ಕಾರಿಗೆ ಬರುವಷ್ಟರಲ್ಲಿ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಬಟ್ಟೆ ಅದ್ದುತ್ತಾನೆ, ಹಿಂಡುತ್ತಾನೆ, ಮೊದಲು ಚಕ್ರದ ಹತ್ತಿರ ಒಂದು ಸಲ, ಆಮೇಲೆ ಅದೇ ಬಟ್ಟೆ ಬಾನೆಟ್ಟಿಗೆ. ಬಕೆಟ್ಟಿನ ತಳದಲ್ಲಿ ಕೈ ಆಡಿಸಿ ನೋಡಿ, ಒಂದು ಹಿಡಿ ಮರಳು ಸಿಗುತ್ತದೆ.

ಅವನದ್ದು ತಪ್ಪು ಅಂತ ಹೇಳುತ್ತಿಲ್ಲ. ಒಂದು ಕಾರಿಗೆ ತಿಂಗಳಿಗೆ ನಾವು ಕೊಡುವ ದುಡ್ಡಿನಲ್ಲಿ ಎರಡು ಬಕೆಟ್ಟು, ಆರು ಬಟ್ಟೆ ಕೇಳುವುದಕ್ಕೆ ನಮಗೆ ಮುಖ ಇಲ್ಲ. ಆದರೆ ಗೀರಿನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಬೋರ್ ನೀರಾದರೆ ಇನ್ನೊಂದು ತೊಂದರೆ: ಗಡಸು ನೀರು ಒಣಗಿದ ಮೇಲೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಬಿಸಿಲಲ್ಲಿ ನಿಂತ ಕಾರಾದರೆ ಆ ಚುಕ್ಕೆ ಬೇಗ ಹೋಗುವುದೂ ಇಲ್ಲ.

ಒಣ ಬಟ್ಟೆ ಇನ್ನೂ ಕೆಟ್ಟದ್ದು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಳದಿ ಬಟ್ಟೆಯಲ್ಲಿ ಪಟಪಟ ಬಡಿಯುತ್ತಾರಲ್ಲ, ಆ ಬಡಿತದಲ್ಲಿ ಧೂಳು ಹಾರುವುದು ಬಟ್ಟೆಯ ಗಾಳಿಗೆ. ಅಷ್ಟಕ್ಕೇ ಬಿಟ್ಟರೆ ಪರವಾಗಿಲ್ಲ. ಆಮೇಲೆ ಉಜ್ಜುತ್ತಾರೆ, ಅಲ್ಲಿ ಕೆಡುತ್ತದೆ.

ಮೇಣದ ನೂಲಿನ ಡಸ್ಟರ್

ಕೆಂಪು ಅಥವಾ ನೀಲಿ ನೂಲಿನ ಜೂಲು, ಮರದ ಇಲ್ಲವೇ ಪ್ಲಾಸ್ಟಿಕ್ ಹಿಡಿ. ನೆಲ ಒರೆಸುವ ಮಾಪ್ ಹಾಗೆ ಕಾಣುತ್ತದೆ. ಹತ್ತಿ ಎಳೆಗಳಿಗೆ ಪ್ಯಾರಫಿನ್ ಮೇಣ ಹಿಡಿಸಿರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾರ್ ಡಸ್ಟರ್ ಈ ಜಾತಿಯ ಹಳೇ ಹೆಸರು. ನಮ್ಮಲ್ಲಿ ಪುಣೆಯ ಜೋಪಾಸು ಕಂಪನಿಯದ್ದು ಎಲ್ಲರಿಗೂ ಗೊತ್ತು. ಅದನ್ನು ನೋಡಿ ಮಾಡಿದ ಬೇರೆ ಹೆಸರಿನವೂ ಎಲ್ಲಾ ಕಡೆ ಸಿಗುತ್ತವೆ.

ಇದರ ಕೆಲಸ ಸರಳ. ಮೇಣದ ಜಿಗುಟಿಗೆ ಧೂಳು ಅಂಟಿಕೊಂಡು ಎಳೆಗಳ ಸಂದಿಗೆ ಹೋಗುತ್ತದೆ. ಬಣ್ಣದ ಮೇಲೆ ಉರುಳುವುದು ಕಮ್ಮಿ. ಜೂಲು ಉದ್ದ ಇರುವುದರಿಂದ ಕೈ ಬಲ ನೇರವಾಗಿ ಬಣ್ಣಕ್ಕೆ ತಾಗುವುದಿಲ್ಲ. ಒಣ ಧೂಳಿಗೆ, ಅದರಲ್ಲೂ ಸೆಲ್ಲರ್ ಪಾರ್ಕಿಂಗಿನ ಕಾರಿಗೆ, ಇದಕ್ಕೆ ನನ್ನ ಮೊದಲ ಮತ. ಇಡೀ ಕಾರಿಗೆ ಎರಡು ಮೂರು ನಿಮಿಷ ಸಾಕು.

ಆದರೆ ತಗೊಂಡ ದಿನವೇ ಕಾರಿನ ಮೇಲೆ ಆಡಿಸಿದರೆ ಬೈದುಕೊಳ್ಳುತ್ತೀರಿ. ಹೊಸದರಲ್ಲಿ ಮೇಣ ಜಾಸ್ತಿ ಇರುತ್ತದೆ. ಪ್ಯಾಕೆಟ್ಟಿನಿಂದ ತೆಗೆದು, ಚೆನ್ನಾಗಿ ಕೊಡವಿ, ಹಳೇ ಪೇಪರ್ ಮೇಲೆ ಒಂದೆರಡು ದಿನ ಹರಡಿಡಿ. ಪೇಪರ್ ಮೇಲೆ ಎಣ್ಣೆ ಕಲೆ ಬೀಳುತ್ತದೆ, ಬೋಂಡಾ ಕಟ್ಟಿಕೊಟ್ಟ ಪೇಪರ್ ಹಾಗೆ. ಕಲೆ ಕಮ್ಮಿಯಾದ ಮೇಲೆ ಬಳಸಿ. ನಾನು ಮೊದಲ ಸಲ ಇದನ್ನು ಮಾಡದೆ ನೇರವಾಗಿ ಒರೆಸಿದೆ. ಬಾನೆಟ್ ತುಂಬಾ ಪಟ್ಟೆ ಪಟ್ಟೆ. ನಮ್ಮ ಬೀದಿಯ ಹುಡುಗ ನೋಡಿ, "ಸಾರ್, ಏನ್ ಸಾರ್ ಇದು, ಕೊಬ್ಬರಿ ಎಣ್ಣೆ ಹಚ್ಚಿದ್ರಾ?" ಅಂದ.

ಗಾಜಿಗೆ ಇದನ್ನು ತಾಗಿಸಬೇಡಿ. ಮುಂದಿನ ಗಾಜಿನ ಮೇಲೆ ಮೇಣದ ಪೊರೆ ಕೂತರೆ ಹಗಲು ಗೊತ್ತಾಗುವುದಿಲ್ಲ. ರಾತ್ರಿ ಸಣ್ಣ ಮಳೆಯಲ್ಲಿ ವೈಪರ್ ಹಾಕಿ, ಎದುರಿನಿಂದ ಲಾರಿ ಲೈಟು ಬೀಳಲಿ, ಆಗ ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡಿಗೂ ಬೇಡ. ಕಾರಿನೊಳಗೆ ಸೀಟಿನ ಮೇಲೆ ಬಿಸಾಡುವುದೂ ಬೇಡ. ಬಿಸಿಲಿಗೆ ಮೇಣ ಕರಗಿ ಸೀಟಿಗೆ ಹಿಡಿದರೆ ಕಲೆ ಹೋಗಿಸುವುದು ಕಷ್ಟ. ಅದರದ್ದೇ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಬಾನೆಟ್ ಸುಡುತ್ತಿರುವಾಗಲೂ ಒರೆಸಬೇಡಿ. ಮೇಣ ಇಳಿದು ಪಟ್ಟೆಯಾಗುತ್ತದೆ.

ಇನ್ನೊಂದು ವಿಚಿತ್ರ: ಇದನ್ನು ತೊಳೆಯುವ ಹಾಗಿಲ್ಲ. ತೊಳೆದರೆ ಮೇಣ ಹೋಗುತ್ತದೆ, ಮೇಣ ಹೋದರೆ ಉಳಿಯುವುದು ಬರೀ ಮಾಪು. ಕಪ್ಪಗಾಗಿ ನೋಡಲು ಅಸಹ್ಯವಾದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಮಾರುವವರು ಹೇಳುತ್ತಾರೆ. ಅದು ಅರ್ಧ ನಿಜ. ಮೇಣ ಹದಕ್ಕೆ ಬರುವುದು ಬಳಸಿದ ಮೇಲೆಯೇ, ಸರಿ. ಆದರೆ ಒಳಗೆ ಸೇರಿದ ಮರಳು ಎಲ್ಲಿಗೂ ಹೋಗಿರುವುದಿಲ್ಲ, ಅಲ್ವಾ? ಅದಕ್ಕೆ ಪ್ರತಿ ಬಾಗಿಲು ಮುಗಿದ ಮೇಲೆ ಕಾರಿನಿಂದ ಎರಡು ಹೆಜ್ಜೆ ಆಚೆ ಹೋಗಿ ಜೋರಾಗಿ ಕೊಡವಬೇಕು. ಹಿಡಿಯನ್ನು ಎರಡೂ ಅಂಗೈ ನಡುವೆ ಇಟ್ಟು ಮಜ್ಜಿಗೆ ಕಡೆಯುವ ಹಾಗೆ ತಿರುಗಿಸಿದರೆ ಇನ್ನೂ ಚೆನ್ನಾಗಿ ಬೀಳುತ್ತದೆ. ಅಕ್ಕಪಕ್ಕ ಬಟ್ಟೆ ಒಣಹಾಕಿದ್ದಾರಾ ಅಂತ ಮೊದಲು ನೋಡಿಕೊಳ್ಳಿ.

ಮೈಕ್ರೋಫೈಬರ್ ಡಸ್ಟರ್

ಎರಡು ತರಹ ಸಿಗುತ್ತದೆ. ಒಂದು ದಪ್ಪ ಹುಳುಗಳ ಹಾಗೆ ನೇತಾಡುವ ಶೆನೀಲ್ ಎಳೆಗಳದ್ದು. ಇನ್ನೊಂದು ಸಣ್ಣ ಎಳೆಗಳ ಜೊಂಪೆ. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಸೇರಿಸಿ ಮಾಡಿದ, ಉದ್ದಕ್ಕೆ ಸೀಳಿದ ಸಣ್ಣ ನಾರು ಇದು. ಸಂದಿಯಲ್ಲಿ ಧೂಳು ಸಿಕ್ಕಿಕೊಳ್ಳುತ್ತದೆ. ಮೇಣ ಇಲ್ಲದ್ದನ್ನೇ ಕೇಳಿ ತಗೊಳ್ಳಿ. ಕೆಲವಕ್ಕೆ ಮೇಣ ಹಿಡಿಸಿಯೇ ಮಾರುತ್ತಾರೆ, ಆಗ ಎರಡರ ತೊಂದರೆಯೂ ಒಂದರಲ್ಲೇ.

ಇದರ ದೊಡ್ಡ ಗುಣ, ತೊಳೆಯಬಹುದು. ಗಾಜು, ಡ್ಯಾಶ್‌ಬೋರ್ಡ್ ಎಲ್ಲದಕ್ಕೂ ಆಗುತ್ತದೆ, ಪಟ್ಟೆ ಬೀಳುವುದಿಲ್ಲ. ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಪದರ) ಮಾಡಿಸಿದವರಿಗೂ ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿನವರಿಗೂ ನಾನು ಹೇಳುವುದು ಇದನ್ನೇ. ಕೋಟಿಂಗ್ ಮೇಲೆ ಮೇಣದ ಪೊರೆ ಕೂತರೆ ನೀರು ಮುತ್ತಿನ ಹಾಗೆ ಜಾರುವುದು ಕಮ್ಮಿಯಾಗಬಹುದು. ಮ್ಯಾಟ್ ಮೇಲೆ ಮೇಣ ಎಲ್ಲೆಲ್ಲೋ ಹೊಳೆಯುತ್ತದೆ. ಅಂದಹಾಗೆ ಕೋಟಿಂಗ್ ಮಾರುವವರು ಹೇಳುವ 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಮರಳಿನ ಆ 7ಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೋಟಿಂಗ್ ಇದೆ ಅಂತ ಧೈರ್ಯವಾಗಿ ಉಜ್ಜಿದರೆ ಗೀರು ಬೀಳುತ್ತದೆ.

ದೋಷ ಏನು? ಮೇಣದ್ದಕ್ಕೆ ಹೋಲಿಸಿದರೆ ಧೂಳು ಹಿಡಿಯುವುದು ಸ್ವಲ್ಪ ಕಮ್ಮಿ. ಒಂದಿಷ್ಟು ಧೂಳು ಆಚೆಯಿಂದ ಈಚೆ ಸರಿಯುತ್ತದೆ ಅಷ್ಟೇ. ಒಣ ಹವೆಯಲ್ಲಿ ಉಜ್ಜಿದರೆ ಸ್ಟ್ಯಾಟಿಕ್, ಅಂದರೆ ಧೂಳು ಎಳೆಯುವ ಸ್ಥಿರ ವಿದ್ಯುತ್, ಹುಟ್ಟಿ, ಒರೆಸಿದ ಹತ್ತು ನಿಮಿಷಕ್ಕೆ ಮತ್ತೆ ಧೂಳು ಬಂದು ಕೂರುತ್ತದೆ. ಒಗೆಯುವಾಗ ಮನೆಯ ಹತ್ತಿ ಬಟ್ಟೆ ಜೊತೆ ಹಾಕಿದರೆ ಟವಲ್ಲಿನ ಜುಂಗೆಲ್ಲ ಇದಕ್ಕೆ ಅಂಟುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಶನರ್ ಹಾಕಿದರೆ ನಾರಿನ ಸಂದಿ ಮುಚ್ಚಿ ಧೂಳು ಹಿಡಿಯುವ ಶಕ್ತಿಯೇ ಹೋಗುತ್ತದೆ. ಬೇರೆ ಬಕೆಟ್ಟು, ಚೂರು ಸೋಪು, ನೆರಳಿನಲ್ಲಿ ಒಣಗಿಸಿ. ನಮ್ಮ ಮನೆಯಲ್ಲಿ ಮೊದಲನೆಯದು ಸತ್ತಿದ್ದು ಹೀಗೆ ಮಾಡದೆಯೇ. ಯಾರು ವಾಶಿಂಗ್ ಮೆಶಿನ್‌ಗೆ ಹಾಕಿದರು ಅನ್ನುವ ತನಿಖೆ ಇನ್ನೂ ಮುಗಿದಿಲ್ಲ.

ಕೊಳ್ಳುವಾಗ ಹಿಡಿ ನೋಡಿ. ಒಳಗಿನ ಪ್ಲಾಸ್ಟಿಕ್ ಪಟ್ಟಿ ಎಳೆಗಳ ಮೂಲಕ ಕೈಗೆ ಗಟ್ಟಿಯಾಗಿ ಸಿಕ್ಕಿದರೆ ಬೇಡ. ಅಂಗಡಿಯಲ್ಲೇ ಮುಂಗೈ ಮೇಲೆ ಎಳೆದು ನೋಡಿ. ಚುಚ್ಚಿದ್ದು ಗೊತ್ತಾದರೆ ಕಾರಿಗೂ ಗೊತ್ತಾಗುತ್ತದೆ.

ಗರಿಯದ್ದು, ಸಿಗ್ನಲ್‌ದು

ಗರಿಯ ಡಸ್ಟರ್ ಬಹಳ ಹಗುರ, ಒತ್ತುವುದೇ ಇಲ್ಲ. ಒಳ್ಳೆಯ ಗರಿ ಮೆತ್ತಗೂ ಇರುತ್ತದೆ. ಆದರೆ ಅದು ಧೂಳನ್ನು ಎತ್ತುವುದಕ್ಕಿಂತ ಹಾರಿಸುವುದೇ ಜಾಸ್ತಿ. ಗರಿಯ ಕಡ್ಡಿ ಮುರಿದರೆ ಆ ತುದಿ ಸೂಜಿ. ಶೋಕೇಸಿನ ಗೊಂಬೆಗೆ ಸರಿ.

ಸಿಗ್ನಲ್‌ನಲ್ಲಿ ಮಾರುವ ಬಣ್ಣಬಣ್ಣದ ನೈಲಾನ್ ಕುಚ್ಚಿನ ಬಗ್ಗೆ ಒಂದೇ ಮಾತು: ಬೇಡ. ಅದು ಏನನ್ನೂ ಹಿಡಿಯುವುದಿಲ್ಲ, ಧೂಳನ್ನು ಕೊನೆವರೆಗೂ ತಳ್ಳಿಕೊಂಡು ಹೋಗುತ್ತದೆ. ಮಾರುವವರಿಗೆ ಸಹಾಯ ಮಾಡಬೇಕು ಅನಿಸಿದರೆ ತಗೊಳ್ಳಿ, ಫ್ಯಾನಿನ ರೆಕ್ಕೆಗೆ ಇಟ್ಟುಕೊಳ್ಳಿ.

ಬ್ಲೋವರ್

ಯಾರೂ ಯೋಚಿಸದ, ನನಗೆ ಬಹಳ ಇಷ್ಟವಾದ ದಾರಿ ಇದು. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸಿಪಿಯು ಧೂಳು ಊದುತ್ತಾರಲ್ಲ, ಆ ಕೈ ಬ್ಲೋವರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣಕ್ಕೆ ಏನೂ ತಾಗುವುದಿಲ್ಲ, ಹಾಗಾಗಿ ಎಳೆದು ಗೀರುವ ಮಾತೇ ಇಲ್ಲ. ವೈಪರ್ ಕೆಳಗಿನ ಗುಂಡಿಯಲ್ಲಿ ಸೇರುವ ಎಲೆ, ಹೊಂಗೆ ಹೂವು, ಕನ್ನಡಿಯ ಸಂದಿ, ಗ್ರಿಲ್ ಎಲ್ಲ ಸ್ವಚ್ಛ.

ಆದರೆ ಪೂರ್ತಿ ಕೆಲಸ ಇದರಿಂದ ಆಗುವುದಿಲ್ಲ. ದಪ್ಪ ಕಣಗಳು ಹೋಗುತ್ತವೆ. ಪೌಡರ್ ಹಾಗಿನ ಸಣ್ಣ ಪದರ ಉಳಿಯುತ್ತದೆ. ಅದೇ ಬೇಕಾಗಿದ್ದು ಕೂಡ, ಏಕೆಂದರೆ ಗೀರುವುದು ಹೆಚ್ಚಾಗಿ ದಪ್ಪ ಕಣವೇ. ಊದಿದ ಮೇಲೆ ಡಸ್ಟರ್ ಆಡಿಸಿದರೆ ಅಪಾಯ ಬಹಳ ಇಳಿಯುತ್ತದೆ. ಪ್ಲಗ್ ಪಾಯಿಂಟ್ ಹತ್ತಿರ ಪಾರ್ಕಿಂಗ್ ಇರುವವರಿಗೆ ಮಾತ್ರ ಸುಲಭ. ಬೆಳಗ್ಗೆ ಆರು ಗಂಟೆಗೆ ಮಾಡಿದರೆ ಅಕ್ಕಪಕ್ಕದ ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ. ಪಕ್ಕದ ಕಾರಿನ ಮೇಲೆ ನಿಮ್ಮ ಧೂಳು ಕೂತರೂ ಬೈಸಿಕೊಳ್ಳುತ್ತೀರಿ.

ಊದಿದರೂ ಹಾರದಿದ್ದರೆ

ಇಲ್ಲಿಗೆ ಡಸ್ಟರ್ ಕಥೆ ಮುಗಿಯಿತು, ಆದರೆ ಪೈಪ್ ಹಿಡಿಯಬೇಕಂತೇನೂ ಇಲ್ಲ. ಪೈಪಿನಲ್ಲಿ ಹತ್ತು ನಿಮಿಷ ತೊಳೆದರೆ ನೂರು ಲೀಟರ್ ಸುಲಭವಾಗಿ ಹೋಗುತ್ತದೆ. ಟ್ಯಾಂಕರ್ ನೀರು ತರಿಸುವ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲ. ನಡುವೆ ಒಂದು ದಾರಿ ಇದೆ: ರಿನ್ಸ್‌ಲೆಸ್ ವಾಶ್, ನೀರಿಗೆ ಬೆರೆಸಿ ಒರೆಸುವ ಒಂದು ದ್ರವ. ಆಪ್ಟಿಮಮ್ ನೋ ರಿನ್ಸ್ ಇದರಲ್ಲಿ ಹಳೇ ಹೆಸರು, ಈಗ ಬೇರೆಯವೂ ಸಿಗುತ್ತವೆ. ನಾಲ್ಕು ಲೀಟರ್ ನೀರಿಗೆ ಸುಮಾರು 15 ಮಿಲಿಲೀಟರ್ ಸಾಕು. ಅದರಲ್ಲಿರುವ ಪಾಲಿಮರ್‌ಗಳು ಮಣ್ಣಿನ ಕಣವನ್ನು ಸುತ್ತಿಕೊಂಡು ಜಾರುವ ಹಾಗೆ ಮಾಡುತ್ತವೆ. ಆಮೇಲೆ ಮತ್ತೆ ನೀರು ಹಾಕಿ ತೊಳೆಯುವ ಅಗತ್ಯ ಇಲ್ಲ.

ನಾನು ಮಾಡುವುದು ಹೀಗೆ. ಆ ನೀರನ್ನೇ ಸ್ಪ್ರೇ ಬಾಟಲಿಗೆ ತುಂಬಿಸಿ ಒಂದು ಬಾಗಿಲಿಗೆ ಚೆನ್ನಾಗಿ ಹೊಡೆದು ಒಂದು ನಿಮಿಷ ಬಿಡುತ್ತೇನೆ. ಬಕೆಟ್ಟಿನಲ್ಲಿ ಆರು ಮೈಕ್ರೋಫೈಬರ್ ಬಟ್ಟೆ ಮೊದಲೇ ನೆನೆದಿರುತ್ತವೆ. ಒಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಸಲ ಎಳೆಯುತ್ತೇನೆ. ಮಡಿಕೆ ತಿರುಗಿಸಿ ಮುಂದಿನ ಸಾಲು. ಕೊಳಕಾದ ಬಟ್ಟೆ ಮತ್ತೆ ಬಕೆಟ್ಟಿಗೆ ಇಳಿಯುವ ಹಾಗಿಲ್ಲ, ಅದು ಬೇರೆ ಕಡೆ. ಒಣ ಟವಲ್ಲಿನಿಂದ ನೀರು ಹೀರಿಸಿದರೆ ಮುಗಿಯಿತು. ಚಕ್ರಕ್ಕೆ ಕೊನೆಯಲ್ಲಿ ಬೇರೆ ಹಳೇ ಬಟ್ಟೆ. ಅರ್ಧ ಗಂಟೆ ಹಿಡಿಯುತ್ತದೆ. ಬಾಟಲಿ ಒಂದು ಸಲ ತಗೊಳ್ಳುವಾಗ ದುಬಾರಿ ಅನಿಸುತ್ತದೆ, ತಿಂಗಳುಗಟ್ಟಲೆ ಬರುತ್ತದೆ.

ನೀರಿಲ್ಲದೆ ಸ್ಪ್ರೇ ಹೊಡೆದು ಒರೆಸುವ ವಾಟರ್‌ಲೆಸ್ ಬಾಟಲಿಗಳೂ ಇವೆ. ಹಕ್ಕಿ ಹಿಕ್ಕೆ ಒಂದು ಕಡೆ ಬಿದ್ದಿದ್ದರೆ, ಅದೊಂದನ್ನು ತೆಗೆಯಲು ಒಳ್ಳೆಯದು. ಹಿಕ್ಕೆಯ ಮೇಲೆ ಒದ್ದೆ ಟಿಶ್ಯೂ ಐದು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಎತ್ತಿ. ಬಿಸಿಲಿಗೆ ಬಿಟ್ಟರೆ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಹಾಗಂತ ಡಸ್ಟರ್‌ನಲ್ಲಿ ಕೆರೆಯಲು ಹೋಗಬೇಡಿ. ಕೆಸರು ಮೆತ್ತಿದ ಇಡೀ ಕಾರನ್ನು ಈ ಸ್ಪ್ರೇ ಒಂದರಲ್ಲೇ ಒರೆಸುತ್ತೇನೆ ಅನ್ನುವವರನ್ನು ನಾನು ತಡೆಯುತ್ತೇನೆ.

ಕವರ್ ಹಾಕಿದರೆ ಧೂಳೇ ಕೂರಲ್ಲ ಅಂತ ಕೆಲವರು ವಾದಿಸುತ್ತಾರೆ. ಧೂಳಾದ ಕಾರಿಗೆ ಕವರ್ ಎಳೆಯುವುದು, ಗಾಳಿಗೆ ಅದು ಬಡಿದಾಡುವುದು, ಬೆಳಗ್ಗೆ ಮತ್ತೆ ಎಳೆದು ತೆಗೆಯುವುದು. ಇಡೀ ಕಾರಿಗೆ ಒಣ ಬಟ್ಟೆ ಉಜ್ಜಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ತೊಳೆದ ಕಾರನ್ನು ತಿಂಗಳುಗಟ್ಟಲೆ ಒಳಗೆ ನಿಲ್ಲಿಸುವುದಾದರೆ ಕವರ್ ಸರಿ.

ನಿಮ್ಮೂರಿಗೆ ಯಾವುದು

ಬೆಂಗಳೂರು, ಮೈಸೂರಿನ ಸೆಲ್ಲರ್ ಪಾರ್ಕಿಂಗ್: ಮೇಣದ ಡಸ್ಟರ್, ಯೋಚಿಸಲೇಬೇಡಿ. ಅದೇ ಊರಿನಲ್ಲಿ ಮೆಟ್ರೋ ಕಾಮಗಾರಿ ಇರುವ ರಸ್ತೆಯಲ್ಲೋ, ಮನೆ ಕಟ್ಟುತ್ತಿರುವ ಸೈಟಿನ ಪಕ್ಕದಲ್ಲೋ ನಿಲ್ಲಿಸುವವರಾದರೆ ದಿನಾ ಡಸ್ಟರ್ ಆಡಿಸುವುದನ್ನು ಬಿಡಿ. ಸಿಮೆಂಟು ಧೂಳಿಗೆ ಇಬ್ಬನಿ ಬಿದ್ದರೆ ಏನಾಗುತ್ತದೆ ಅಂತ ಗಾರೆ ಕೆಲಸದವರನ್ನು ಕೇಳಿ. ವಾರಕ್ಕೊಮ್ಮೆ ರಿನ್ಸ್‌ಲೆಸ್ ಸಾಕು.

ಮರದ ಕೆಳಗಿನ ಪಾರ್ಕಿಂಗ್ ಇನ್ನೊಂದು ಕಥೆ. ಹೊಂಗೆ, ಮಳೆಮರಗಳ ಕೆಳಗೆ ನೆರಳು ತಂಪಾಗಿರುತ್ತದೆ, ಆದರೆ ಮೇಲಿನಿಂದ ಸಣ್ಣ ಸಣ್ಣ ಅಂಟು ಹನಿ ಬೀಳುತ್ತದೆ. ಅದರ ಮೇಲೆ ಧೂಳು ಕೂತರೆ ಬೆಲ್ಲದ ಪಾಕಕ್ಕೆ ಎಳ್ಳು ಅಂಟಿದ ಹಾಗೆ. ಡಸ್ಟರ್ ಆಡಿಸಿದರೆ ಅದಕ್ಕೂ ಅಂಟು ಹಿಡಿದು ಎರಡೂ ಹಾಳು. ಒಣ ಹೂವು, ಎಲೆಗೆ ಬ್ಲೋವರ್. ಅಂಟಿಗೆ ನೀರು.

ಹುಬ್ಬಳ್ಳಿ, ಗದಗ, ವಿಜಯಪುರದ ಎರೆ ಮಣ್ಣು ಒಣಗಿದಾಗ ಬಹಳ ಸಣ್ಣ ಪುಡಿ. ಬೇಸಿಗೆಯಲ್ಲಿ ಡಸ್ಟರ್‌ಗೆ ಚೆನ್ನಾಗಿ ಬರುತ್ತದೆ. ಮಳೆ ಬಿದ್ದು ಒದ್ದೆಯಾಯಿತೋ, ಜೇಡಿ ಅಂಟಿಕೊಂಡು ನೀರಿಗೂ ಸತಾಯಿಸುತ್ತದೆ. ಬಳ್ಳಾರಿ, ಸಂಡೂರು ಕಡೆ ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಕೂರುವ ಕೆಂಪು ಧೂಳು ಕಬ್ಬಿಣದ ಅದಿರಿನ ಪುಡಿ. ತೂಕ ಜಾಸ್ತಿ, ಗಡಸೂ ಹೌದು, ಊದಿದರೆ ಜಗ್ಗುವುದಿಲ್ಲ. ಅಲ್ಲಿಯವರು ಡಸ್ಟರ್‌ಗೆ ದುಡ್ಡು ಹಾಕುವ ಬದಲು ಎರಡು ಬಕೆಟ್ಟು, ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲೊಂದು, ಇಟ್ಟುಕೊಳ್ಳುವುದೇ ಮೇಲು.

ಮಂಗಳೂರು, ಉಡುಪಿ, ಕಾರವಾರದಲ್ಲಿ ಸಮುದ್ರದ ಉಪ್ಪು ಗಾಳಿಯ ತೇವ ಹೀರಿ ಧೂಳನ್ನು ಸದಾ ಹಸಿಯಾಗಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಸ್ಟರ್ ಗೋಡೆಗೆ ನೇತುಹಾಕಿಡಿ, ಮಳೆಯೇ ಮುಕ್ಕಾಲು ಕೆಲಸ ಮಾಡುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೈಕ್ರೋಫೈಬರ್ ಸರಿ, ಅದೂ ಬಿಸಿಲೇರಿ ಕಾರಿನ ಮೈ ಒಣಗಿದ ಮೇಲೆ.

ಬಣ್ಣದ ಲೆಕ್ಕವೂ ಇದೆ. ಬಿಳಿ, ಸಿಲ್ವರ್ ಕಾರಿನಲ್ಲಿ ಗೀರು ಬೀಳುವುದಿಲ್ಲ ಅಂತಲ್ಲ, ಕಾಣುವುದಿಲ್ಲ. ಕಪ್ಪು, ಕಡು ನೀಲಿ, ಮರೂನ್ ತಗೊಂಡವರು ನನ್ನ ಹಾಗೆ ಅನುಭವಿಸಬೇಕು.

ಕೈ ಹೇಗಿರಬೇಕು

ಯಾವ ಡಸ್ಟರ್ ತಗೊಂಡರೂ ಅದರ ತೂಕ ಅಷ್ಟೇ ಬಣ್ಣದ ಮೇಲೆ ಬೀಳಬೇಕು. ಹಿಡಿಯನ್ನು ಎರಡು ಬೆರಳು, ಹೆಬ್ಬೆರಳಿನಲ್ಲಿ ಹಿಡಿಯಿರಿ, ಕುಂಚ ಹಿಡಿದ ಹಾಗೆ. ಮುಷ್ಟಿ ಕಟ್ಟಿದರೆ ಗೊತ್ತಿಲ್ಲದೆ ಬಲ ಬೀಳುತ್ತದೆ. ಟಾಪಿನಿಂದ ಶುರು, ಆಮೇಲೆ ಬಾನೆಟ್, ಡಿಕ್ಕಿ, ಬಾಗಿಲಿನ ಮೇಲಿನ ಅರ್ಧ. ನೇರ ಗೆರೆಯಲ್ಲಿ ಎಳೆದು, ತುದಿಗೆ ಬಂದಾಗ ಎತ್ತಿ. ಹೋಗಿ ಬಂದು ಹೋಗಿ ಬಂದು ಉಜ್ಜುವುದು ಬೇಡ. ಬಾಗಿಲಿನ ಕೆಳಗಿನ ಅರ್ಧ, ಬಂಪರಿನ ಕೆಳಭಾಗ, ಚಕ್ರದ ಹಿಂದಿನ ಜಾಗ, ಇಲ್ಲೆಲ್ಲ ಇರುವುದು ಟೈರು ಎರಚಿದ ಜಲ್ಲಿ ಪುಡಿ ಮತ್ತು ಟಾರು. ಡಸ್ಟರ್ ಅಲ್ಲಿಗೆ ಇಳಿಯಲೇಬಾರದು. ಇಳಿಸಿ ಆಮೇಲೆ ಬಾನೆಟ್ಟಿಗೆ ತಂದಿರೋ, ಬಕೆಟ್ ಬಟ್ಟೆಯೇ ವಾಸಿ ಅನಿಸುತ್ತದೆ.

ಬೇರೆಯವರು ಒರೆಸುವವರಾದರೆ ಸಲಕರಣೆ ನೀವೇ ಕೊಡಿ. ನಮ್ಮ ಬೀದಿಯ ಹುಡುಗನಿಗೆ ನಾನು ಒಂದು ಡಸ್ಟರು, ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಟ್ಟು, "ದಿನಾ ಒರೆಸ್ಬೇಡಪ್ಪ, ವಾರಕ್ಕೆ ಎರಡು ಸಲ ಸಾಕು, ದುಡ್ಡು ಅಷ್ಟೇ ಕೊಡ್ತೀನಿ" ಅಂದೆ. ಒಂದು ಕ್ಷಣ ಅನುಮಾನದಿಂದ ನೋಡಿದ. "ದಿನಾ ಬರ್ಲಿಲ್ಲ ಅಂತ ಆಮೇಲೆ ಕಟ್ ಮಾಡಲ್ವಲ್ಲ ಸಾರ್?" ಅಂತ ಕೇಳಿದ. ಮೊದಲ ತಿಂಗಳು ನಂಬದೆ ದಿನಾ ಬಂದು ಗಾಜು ಮಾತ್ರ ಒರೆಸಿ ಹೋಗುತ್ತಿದ್ದ.

ಈಗ ನನ್ನ ಹತ್ತಿರ ಇರುವುದು ಮೂರೇ: ಡಿಕ್ಕಿಯಲ್ಲಿ ಮೇಣದ ಡಸ್ಟರ್, ಮನೆಯಲ್ಲಿ ಬ್ಲೋವರ್, ಶೆಲ್ಫಿನಲ್ಲಿ ರಿನ್ಸ್‌ಲೆಸ್ ಬಾಟಲಿ. ಒಳಗಿನ ಕೆಲಸಕ್ಕೆ ಒಂದು ಸಣ್ಣ ಮೈಕ್ರೋಫೈಬರ್ ಡೋರ್ ಪಾಕೆಟ್‌ನಲ್ಲಿದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಒಂದೇ ಒಂದನ್ನು ತಗೊಳ್ಳುವಷ್ಟು ದುಡ್ಡಿದ್ದರೆ, ಕಾರು ಒಳಗೆ ನಿಲ್ಲುವವರು ಮೇಣದ್ದು ತಗೊಳ್ಳಿ, ಹೊರಗೆ ನಿಲ್ಲುವವರು ಡಸ್ಟರ್ ಬಿಟ್ಟು ಆ ದುಡ್ಡನ್ನು ರಿನ್ಸ್‌ಲೆಸ್ ಬಾಟಲಿಗೆ ಹಾಕಿ.

ಮತ್ತೊಂದು, ಡಸ್ಟರ್ ಯಾವತ್ತಾದರೂ ನೆಲಕ್ಕೆ ಬಿದ್ದರೆ ಮತ್ತೆ ಕಾರಿಗೆ ತಾಗಿಸಬೇಡಿ. ಮೇಣದ ಎಳೆಗೆ ಸಿಕ್ಕ ಜಲ್ಲಿ ಚೂರು ಎಷ್ಟು ಕೊಡವಿದರೂ ಪೂರ್ತಿ ಹೋಗುವುದಿಲ್ಲ. ನನ್ನ ಮೊದಲನೆಯದು ಹೀಗೇ ಹೋದ ವರ್ಷ ಗೇಟಿನ ಮುಂದಿನ ಮರಳಿನ ಗುಡ್ಡೆಗೆ ಬಿತ್ತು. ಈಗ ಅದು ಮನೆಯ ಕಿಟಕಿ ಸರಳಿಗೆ. ಅಮ್ಮನಿಗೆ ಬಹಳ ಹಿಡಿಸಿದೆ. "ಇಂಥದ್ದು ಇದೆ ಅಂತ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ" ಅಂತ ಬೈಸಿಕೊಂಡಿದ್ದೂ ಆಯಿತು.